ಗೋಡೆಯ ಮೇಲಿನ ವನಜಮ್ಮ

ದಿನಸಿ ಆ್ಯಪ್ ಯಾರಿಗಾಗಿ ಎಂದು ಮ್ಯಾನೇಜರ್ ಕೇಳಿದಾಗ ಮೈತ್ರಿ ಒಬ್ಬ ಕಾಲ್ಪನಿಕ ಗ್ರಾಹಕಿಯನ್ನು ಸೃಷ್ಟಿಸಿದಳು. ಹೆಸರು ವನಜಮ್ಮ; ಗುಣವೆಲ್ಲ ಮೈತ್ರಿಯ ಅತ್ತೆಯದೇ. 'ಯಾರನ್ನೂ ನಂಬುವುದಿಲ್ಲ. ಬೆಲೆಯನ್ನು ಕೇಳಿದ್ದೇ ಕೇಳುತ್ತಾರೆ. ತಂದದ್ದರಲ್ಲೆಲ್ಲ ಹುಳುಕು ಹುಡುಕುತ್ತಾರೆ.' ಇದನ್ನೆಲ್ಲ ಬರೆದ ಹಾಳೆಯನ್ನು ಆಫೀಸಿನ ಗೋಡೆಗೆ ಅಂಟಿಸಿಕೊಂಡು, ವನಜಮ್ಮನಿಗೆ ಏನೇನು ಬೇಕೆಂದು ಒಂದೊಂದಾಗಿ ಬರೆದು, ತಂಡ ಎರಡೆರಡು ವಾರದ ಕೆಲಸ ಹಂಚಿಕೊಂಡಿತು.

ಆ್ಯಪ್ ಪರೀಕ್ಷೆಗೆ ಹಿರಿಯರೊಬ್ಬರು ಬೇಕೆಂದು ಮ್ಯಾನೇಜರ್ ಮೈತ್ರಿಯ ಅತ್ತೆಯನ್ನೇ ಕರೆಸಿದರು. ಹಾಳೆ ತೆಗೆಯುವುದನ್ನು ಅವಳು ಮರೆತಿದ್ದಳು. ಅತ್ತೆ ಕನ್ನಡಕ ಏರಿಸಿ ಪೂರ್ತಿ ಓದಿದರು.

"ಇದನ್ನ ಬರೆದದ್ದು ನೀನೇನೇ?"

"ಹೂಂ... ಅತ್ತೆ, ಅದು ಸುಮ್ಮನೆ ಕಲ್ಪನೆ..." ಮೈತ್ರಿ ಹಾಳೆಗೆ ಅಡ್ಡ ನಿಂತಳು.

"ಕಲ್ಪನೆಯಂತೆ! ಓದಿದ ತಕ್ಷಣ ಯಾರೂಂತ ಗೊತ್ತಾಯ್ತು. ಎಷ್ಟಾದರೂ ನಿನ್ನನ್ನ ಹೆತ್ತಮ್ಮ ಕಣೇ, ಪಾಪ, ಹೀಗಾ ಗೋಡೆಗೆ ಅಂಟಿಸೋದು?"