ಓಣಿಯ ಪಾಳಿ

ಹನ್ನೆರಡು ವರ್ಷದ ಹಿಂದೆ, ತಾಯಿಯ ಮಣ್ಣು ಮುಗಿಸಿ ಬಂದ ದಿನ, ಬಸಲಿಂಗವ್ವ ತಂಗಿ ನೀಲವ್ವನ ಕೈ ಹಿಡಿದು ಹೇಳಿದ್ದಳು: "ನಿನ್ನ ಹೆರಿಗಿಗೆ ಯಾರಿರಲಿ ಬಿಡಲಿ, ನಾ ನಿನ್ನ ತಲಿದೆಸಿಗಿರ್ತೀನಿ." ತಾಯಿ ತೀರಿಕೊಂಡದ್ದು ಹೆರಿಗೆಯಲ್ಲೇ, ಹತ್ತಿರ ಯಾರೂ ಇಲ್ಲದಾಗ.

ಈಗ ತಂತಿಯ ಮೇಲೆ ಕರೆಂಟು ಊರಿಗೆ ಬರುವುದಿಲ್ಲ. ಗಾಡಿಗಳೇ ತಮ್ಮ ಬ್ಯಾಟರಿಯಲ್ಲಿ ಹೊತ್ತು ತರುತ್ತವೆ. ಗದಗಿನ ಆ ಓಣಿಯಲ್ಲಿ ದಿನಕ್ಕೊಂದು ಗಾಡಿಯ ಪಾಳಿ. ಗುಡ್ಡದ ಗಾಳಿಯಂತ್ರದಲ್ಲಿ ಚಾರ್ಜು ತುಂಬಿಸಿಕೊಂಡು ಬಂದು, ಬೇವಿನ ಮರದಡಿ ನಿಂತು, ಹದಿನಾಲ್ಕು ಮನೆಗೆ ಕರೆಂಟು ಕೊಡಬೇಕು. ಮರುದಿನದ ಗಾಡಿ ಬರುವವರೆಗೆ ಕದಲುವಂತಿಲ್ಲ.

ಅವತ್ತು ಬಸಲಿಂಗವ್ವನ ಆಟೋದ ಪಾಳಿ. ಮಧ್ಯಾಹ್ನ ಮುಂಡರಗಿಯಿಂದ ತುಂಬು ಬಸುರಿ ನೀಲವ್ವನ ಫೋನು ಬಂತು. "ಅಕ್ಕಾ, ಬ್ಯಾನಿ ಸುರುವಾಗ್ಯಾವು. ಲಗೂ ಬಾ."

ಓಣಿಯ ಉಳಿದ ಗಾಡಿಗಳೆಲ್ಲ ಚಾರ್ಜಿಗೆ ಗುಡ್ಡಕ್ಕೆ ಹೋಗಿದ್ದವು, ಮುಂಡರಗಿಗೆ ಬಸ್ಸೂ ಇರಲಿಲ್ಲ; ಹೋಗುವುದಾದರೆ ಇದೇ ಆಟೋದಲ್ಲಿ. ಹೆಂಗಸರೇ ಬಂದು, "ಹೋಗ, ಒಂದಿನ ಕತ್ತಲಾದ್ರ ಸಾಯಂಗಿಲ್ಲ" ಎಂದು ತಮ್ಮ ತಮ್ಮ ಮನೆಯ ವೈರು ಕಿತ್ತುಕೊಂಡರು. ಉಳಿದದ್ದು ಒಂದೇ ವೈರು, ಕೊನೆಯ ಮನೆಯ ಮುದುಕ ಖಾದರಸಾಬನ ಆಕ್ಸಿಜನ್ ಮಷಿನ್ನಿನದು.

ಮುದುಕ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಕೈಬೀಸಿದ. "ಕಿತ್ತಕೊಂಡು ಹೋಗವ್ವಾ. ಎಪ್ಪತ್ತು ವರ್ಷ ಉಸಿರಾಡೇನಿ, ಒಂದಿನ ರಜಾ ತಗೋತೀನಿ."

"ಸುಮ್ನಿರು ಕಾಕಾ. ನೀ ಮಾತಾಡಿದ್ರ ಕರೆಂಟು ಜಾಸ್ತಿ ತಿಂತೈತಿ."

ಬಸಲಿಂಗವ್ವ ಆ ವೈರಿನ ಮೇಲೆ ಇಟ್ಟ ಕೈ ತೆಗೆದಳು. ಹೆಂಗಸರನ್ನು ಕರೆದು, ಕಿತ್ತ ವೈರುಗಳನ್ನು ಒಂದೊಂದಾಗಿ ಮತ್ತೆ ಸಿಕ್ಕಿಸಿಕೊಂಡಳು. ಆಮೇಲೆ ಆಟೋದ ಹಿಂದಿನ ಸೀಟಿನಲ್ಲಿ ಕುಳಿತು ತಂಗಿಗೆ ಫೋನು ಹಚ್ಚಿದಳು. ಯಾರೂ ಎತ್ತಲಿಲ್ಲ.

ಸಂಜೆ ಐದಕ್ಕೆ ನೀಲವ್ವ ಹೆತ್ತಳು. ತಲೆದೆಸೆಯಲ್ಲಿ ಅಕ್ಕ ಇರಲಿಲ್ಲ.