ಸೊನ್ನೆಯಲ್ಲಿ ನಿಂತ ಮುಳ್ಳು

ಗಾಳಿ ಅಳೆಯುವ ಯಂತ್ರದ ಮುಳ್ಳು ಬೆಳಗಿನಿಂದ ಸೊನ್ನೆಯಲ್ಲೇ ನಿಂತಿತ್ತು. ಹೊರಗಿನ ಗಾಳಿಯನ್ನು ಎಳೆದು ನೋಡಿ, ಒಳ್ಳೆಯದೆಂದು ಅದು ಹೇಳದ ಹೊರತು ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಹೊರಗೆ ಇರುವೆ ಕೂಡ ಬದುಕಿಲ್ಲವೆಂದು ರೇಡಿಯೋ ದಿನಾ ಹೇಳುತ್ತಿತ್ತು. ಒಳಗೆ ಉಸಿರಾಡುವ ಗಾಳಿಯ ಸಿಲಿಂಡರ್ ಮುಗಿಯುತ್ತ ಬಂದಿತ್ತು.

ವಿನುತಾ ಫಿಲ್ಟರ್ ಬದಲಿಸಿದಳು. ಮುಳ್ಳು ಅಲುಗಲಿಲ್ಲ. ಪೈಪ್ ಕಿತ್ತು ಯಂತ್ರದ ಬಾಯಿಗೆ ಹೆಬ್ಬೆರಳಿಟ್ಟರೆ ಅದು ಬಲವಾಗಿಯೇ ಎಳೆಯಿತು. ಅಂದರೆ ಪಂಪ್ ಸರಿಯಿದೆ, ಕಟ್ಟಿಕೊಂಡಿರುವುದು ಗೋಡೆ ದಾಟಿ ಹೊರಗೆ ಹೋಗುವ ಪೈಪು.

ಅತ್ತೆ ಹೊನ್ನಮ್ಮ ಗೋಡೆಗೊರಗಿ ಬಾಯಲ್ಲಿ ಉಸಿರೆಳೆಯುತ್ತಿದ್ದರು. "ಬಿಟ್ಬಿಡವ್ವ. ನಾನು ಹೋದ್ರೆ ಇರೋ ಗಾಳಿ ನಿಂಗೊಬ್ಳಿಗೆ ಸಾಕಾಗ್ತದೆ."

"ಸುಮ್ನಿರಿ ಅತ್ತೆ! ಮಾತಾಡಿ ಉಸಿರು ಖರ್ಚು ಮಾಡ್ಬೇಡಿ."

ವಿನುತಾ ಮೂಗಿಗೆ ಸೆರಗು ಬಿಗಿದು, ಬಟ್ಟೆ ಒಣಹಾಕುವ ತಂತಿಯನ್ನು ಕಿತ್ತು ಪೈಪಿನೊಳಗೆ ತಿವಿದಳು. ಅಳುತ್ತಲೇ ತಿವಿದಳು. ಕೊನೆಗೆ ಅಂಗೈಗೆ ಮಣ್ಣಿನ ಹೆಂಟೆಯೊಂದು ಉದುರಿತು. ಹಸಿ ಮಣ್ಣು. ಅದರೊಳಗೆ ಬಿಳಿ ಮರಿಹುಳವೊಂದು ಮಿಸುಕುತ್ತಿತ್ತು.

ಹೊನ್ನಮ್ಮ ಅದನ್ನು ಕೈಗೆ ತೆಗೆದುಕೊಂಡರು. ಚಿಕ್ಕವರಿದ್ದಾಗ ನೋಡಿದ್ದು, ಆದರೂ ಗುರುತು ಹತ್ತಿತು. "ಕುಂಬಾರ ಹುಳದ ಗೂಡು ಕಣೆ. ಬಸುರಿ ಇರೋ ಮನೇಲೇ ಇದು ಗೂಡು ಕಟ್ಟೋದು."

ಇನ್ನೊಂದು ಜೀವಕ್ಕೆ ಈ ಮನೆಯಲ್ಲಿ ಗಾಳಿಯಿಲ್ಲವೆಂದು ವಿನುತಾ ಆ ಸುದ್ದಿಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಪೈಪನ್ನು ಮತ್ತೆ ಸಿಕ್ಕಿಸಿದಳು. ಯಂತ್ರ ಗಾಳಿ ಎಳೆಯತೊಡಗಿ, ಮುಳ್ಳು ಸೊನ್ನೆ ಬಿಟ್ಟು ಮೇಲೆದ್ದಿತು. ಹೊರಗಿನ ಗಾಳಿ ಹೇಗಿದೆಯೆಂದು ಯಂತ್ರ ಇನ್ನೂ ಹೇಳಿರಲಿಲ್ಲ.

ಅತ್ತೆ ಯಂತ್ರವನ್ನೂ ನೋಡಲಿಲ್ಲ, ಬಾಗಿಲನ್ನೂ ನೋಡಲಿಲ್ಲ.

"ಎಷ್ಟು ತಿಂಗ್ಳೇ?" ಎಂದರು.