ಜಾಲರಿಯ ಕಪ್ಪು

ಏಸಿಯ ಮುಚ್ಚಳ ಕಳಚಿ ಒಳಗಿನ ಜಾಲರಿಯನ್ನು ಹೊರಗೆಳೆದ ಮೆಕ್ಯಾನಿಕ್, ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಮೊದಲು ಮಗೂನ ಆಚೆ ಕೂರಿಸಿ ಬನ್ನಿ ಅಮ್ಮ," ಎಂದ.

ಕೆಮ್ಮುತ್ತಿದ್ದ ಮಗಳನ್ನು ಹಜಾರದಲ್ಲಿ ಕೂರಿಸಿ ಬಂದ ತಾಯಿ, ಜಾಲರಿಯ ತುಂಬ ಮೆತ್ತಿಕೊಂಡಿದ್ದ ಕಪ್ಪನ್ನು ಕಂಡು, "ಬಟ್ಟೆ ಧೂಳು ತಾನೇ? ನನ್ನ ನಾದಿನಿ ಈ ರೂಮಲ್ಲೇ ಹೊಲೀತಿದ್ಲು. ಮಗೂಗೆ ಕೆಮ್ಮು ಬಂತು ಅಂತ ಹೋದ ತಿಂಗಳು ಮಿಷನ್ ಸಮೇತ ಬೇರೆ ಮನೆಗೆ ಕಳಿಸಿದ್ವಿ," ಎಂದಳು. ಅವನು ಬೆರಳಿನಿಂದ ಉಜ್ಜಿ ತೋರಿಸಿದ. ಅದರಲ್ಲಿ ಒಂದೇ ಒಂದು ನೂಲಿನ ಎಳೆಯೂ ಇರಲಿಲ್ಲ. ಮಸಿಯ ಹಾಗೆ ಬೆರಳಿಗೆ ಅಂಟಿತು.

"ಧೂಳೆಲ್ಲಿ ಬಂತಮ್ಮ? ಇದು ಬೂಷ್ಟು. ನೀರು ಹೋಗೋ ಪೈಪು ಕಟ್ಕೊಂಡು ಒಳಗೆಲ್ಲ ತೇವ ನಿಂತಿದೆ."

"ನಾನು ದಿನಾ ಒರೆಸ್ತೀನಲ್ಲ!"

"ಮೇಲೆ ಒರೆಸಿದ್ದೀರ. ಮುಖಕ್ಕೆ ಪೌಡರ್ ಹಾಕಿದ್ರೆ ಹೊಟ್ಟೆನೋವು ಹೋಗತ್ತಾ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾದಿನಿ ಹೋದ ಮೇಲೆ ಹೊರಗಿನ ಧೂಳೂ ಬರದಿರಲಿ ಎಂದು ಕಿಟಕಿಗಳನ್ನು ಮುಚ್ಚಿ, ಹಗಲಿಡೀ ಏಸಿ ಹಾಕಿಟ್ಟವಳು ತಾನೇ. ಕೆಮ್ಮು ಹೆಚ್ಚಾದದ್ದೂ ಆಮೇಲೆಯೇ. ಹಾಗಾದರೆ ಇಷ್ಟು ದಿನ ತಾನು ಮಾಡಿದ್ದೇನು? ಯಾವುದನ್ನು ಮೊದಲು ಯೋಚಿಸಬೇಕೆಂದು ಹೊಳೆಯದೆ ಅವಳು ನಾದಿನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಓಡುತ್ತಿದ್ದ ಹೊಲಿಗೆಯ ಮಿಷನ್ ನಿಂತ ಸದ್ದು ಕೇಳಿಸಿತು. ಇವಳು ಬಾಯಿ ತೆರೆಯುವ ಮೊದಲೇ ನಾದಿನಿಯ ಗಾಬರಿಯ ದನಿ ಬಂತು.

"ಮತ್ತೆ ಕೆಮ್ಮಾ ಅತ್ತಿಗೆ? ನಿಮ್ಮಾಣೆ, ನಾನು ಆ ಕಡೆ ಕಾಲೇ ಇಟ್ಟಿಲ್ಲ. ಪಾಪೂಗೆ ಹೊಲಿದ ಫ್ರಾಕನ್ನೂ ಎರಡೆರಡು ಸಲ ಒಗೆದೇ ಕಳಿಸಿದ್ದು."